ಒಂದೇ ಕಾರು, ನಾಲ್ಕು ಪ್ರಯೋಗ: ಏರ್‌ಫ್ಲೋ ಸೆನ್ಸರ್ ಬದಲಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಒಂದು ಕೆಂಪು ಗೆರೆ ಕಾಣಿಸಿತು. ಅದು ಫಿಲ್ಟರ್‌ನ ಕೊಳೆ ಹಿಡಿಯುವ ಬದಿಯಲ್ಲಿ ಇದ್ದಿದ್ದರೆ ಚಿಂತೆ ಇರಲಿಲ್ಲ. ಇದ್ದದ್ದು ಎಂಜಿನ್ ಕಡೆಯ, ಸ್ವಚ್ಛವಾಗಿರಲೇಬೇಕಾದ ಬದಿಯಲ್ಲಿ. ಬೆರಳಿಟ್ಟು ಸವರಿದರೆ ಕುಂಕುಮದ ಹಾಗೆ ಅಂಟಿತು. ಹಿಂದಿನ ಸರ್ವಿಸ್‌ನಲ್ಲಿ ಗ್ಯಾರೇಜಿನವರು ಮುಚ್ಚಳದ ಒಂದು ಕ್ಲಿಪ್ ಹಾಕದೆ ಬಿಟ್ಟಿದ್ದರು. ಬಳ್ಳಾರಿಯಿಂದ ತೋರಣಗಲ್ಲು, ಅಲ್ಲಿಂದ ಸಂಡೂರು ಅಂತ ದಿನಾ ಅದಿರಿನ ಲಾರಿಗಳ ಹಿಂದೆ ಓಡುವ ಗಾಡಿ ನನ್ನದು. ಆ ಸಂದಿಯಲ್ಲಿ ಏಳೆಂಟು ಸಾವಿರ ಕಿಲೋಮೀಟರ್ ಧೂಳು ನುಗ್ಗಿದೆ. ನುಗ್ಗಿದ ಧೂಳಿಗೆ ಮೊದಲು ಎದುರಾಗುವುದೇ ಏರ್‌ಫ್ಲೋ ಸೆನ್ಸರ್.

ಗಾಡಿ 2012ರ ಕೊರೊಲಾ ಆಲ್ಟಿಸ್, 1.8 ಪೆಟ್ರೋಲ್, ಮ್ಯಾನುಯಲ್ ಗೇರ್, ಸೆಕೆಂಡ್ ಹ್ಯಾಂಡ್. ನಾಲ್ಕು ತಿಂಗಳಿಂದ ಎಳೆತ ಕಡಿಮೆಯಾಗಿತ್ತು. ನಾಲ್ಕು ಜನ ಕೂತು, ಎಸಿ ಹಾಕಿ ಕುಮಾರಸ್ವಾಮಿ ಬೆಟ್ಟದ ಏರು ಹತ್ತುವಾಗ ಎರಡನೇ ಗೇರಿನಲ್ಲೂ ಮುಗ್ಗರಿಸುತ್ತಿತ್ತು. ಲೀಟರಿಗೆ 13 ಕೊಡುತ್ತಿದ್ದದ್ದು 11ಕ್ಕೆ ಇಳಿದಿತ್ತು. ವಿಷಯ ತಿಳಿದದ್ದೇ ತಡ, ಸಲಹೆಗಳು ಶುರುವಾದವು. "ಅಣ್ಣಾ, ಪರ್ಫಾರ್ಮೆನ್ಸ್ ಸೆನ್ಸರ್ ಬರ್ತಾವ, ಒಂದು ಹಾಕಿಸ್ರಿ, ಗಾಡಿ ಹಾರ್ತದ ನೋಡ್ರಿ" ಅಂದ ಪರಿಚಯದ ಹುಡುಗ. "ಡೂಪ್ಲಿಕೇಟ್ ಸಾವಿರದೊಳಗ ಸಿಗ್ತೈತಿ, ಕೆಲಸ ಒಂದೇ" ಅಂದ ಇನ್ನೊಬ್ಬ. ಕಂಪನಿಯದೇ ಹಾಕಿಸಬೇಕು ಅಂದವನು ನನ್ನ ಗೆಳೆಯ. ಅವನದೂ ಇದೇ ಮಾಡೆಲ್ ಗಾಡಿ, ಎರಡು ತಿಂಗಳ ಹಿಂದೆ ಆರೂವರೆ ಸಾವಿರ ಕೊಟ್ಟು ಹೊಸ ಸೆನ್ಸರ್ ಹಾಕಿಸಿದ್ದ. ಯಾರ ಮಾತು ನಿಜ ಅಂತ ನಾನೇ ನೋಡಬೇಕು ಅನ್ನಿಸಿತು.

ಮೊದಲು ಈ ಸೆನ್ಸರ್ ಮಾಡುವ ಕೆಲಸ ಏನು ಅನ್ನುವುದು ಗೊತ್ತಿರಬೇಕು. ಫಿಲ್ಟರ್ ದಾಟಿ ಬರುವ ಗಾಳಿಯ ದಾರಿಯಲ್ಲಿ ಕೂದಲಿನಷ್ಟು ಸಪೂರಾದ ಪ್ಲಾಟಿನಂ ತಂತಿ ಇರುತ್ತದೆ. ಅದನ್ನು ಕರೆಂಟಿನಿಂದ ಕಾಯಿಸಿ, ಒಳಬರುವ ಗಾಳಿಗಿಂತ ಇಷ್ಟು ಡಿಗ್ರಿ ಹೆಚ್ಚು ಬಿಸಿ ಅಂತ ಹಿಡಿದಿಟ್ಟಿರುತ್ತಾರೆ. ಗಾಳಿ ಹಾದಷ್ಟೂ ತಂತಿ ತಣಿಯುತ್ತದೆ. ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದೇ ಗಾಳಿಯ ತೂಕದ ಲೆಕ್ಕ. ಸೆಕೆಂಡಿಗೆ ಇಷ್ಟು ಗ್ರಾಂ ಅಂತ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂಗೆ ಸುದ್ದಿ ಹೋಗುತ್ತದೆ, ಅದು 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಅನ್ನುವ ಅಂದಾಜಿನಲ್ಲಿ ಇಂಜೆಕ್ಟರ್ ತೆರೆಯುತ್ತದೆ. ನಮ್ಮ ಕಡೆಯವರಿಗೆ ಹೇಳಬೇಕೆಂದರೆ ಇದೊಂದು ವೇ ಬ್ರಿಡ್ಜ್. ಲಾರಿಯಲ್ಲಿ ಎಷ್ಟು ಟನ್ ಅದಿರಿದೆ ಅಂತ ಅದು ಹೇಳುತ್ತದೆ, ಅದಿರು ತುಂಬುವುದಿಲ್ಲ. ಗಾಳಿ ಎಳೆಯುವುದು ಪಿಸ್ಟನ್.

ಪ್ರಯೋಗಕ್ಕೆ ಆರುನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತಂದು ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದೆ. ಮಾರ್ಚ್ ತಿಂಗಳು, ಬೆಳಗಿನ ಆರು ಗಂಟೆ, ಕುಡತಿನಿ ದಾಟಿದ ಮೇಲೆ ಸಿಗುವ ಒಂದು ನೇರ ದಾರಿ. ನಾನು ಓಡಿಸುವುದು, ತಮ್ಮ ಪಕ್ಕದಲ್ಲಿ ಕೂತು ಫೋನ್ ನೋಡಿ ಬರೆದುಕೊಳ್ಳುವುದು. ಮೂರನೇ ಗೇರಿನಲ್ಲಿ 60ರಿಂದ 100ಕ್ಕೆ ಎಷ್ಟು ಸೆಕೆಂಡ್, ಹೋಗುತ್ತ ಎರಡು ಸಲ, ಬರುತ್ತ ಎರಡು ಸಲ, ನಾಲ್ಕರ ಸರಾಸರಿ. ಪ್ರತಿ ಬದಲಾವಣೆಯ ನಂತರ ಇಸಿಎಂನ ಹಳೆಯ ಕಲಿಕೆ ಅಳಿಸಿ, 150 ಕಿಲೋಮೀಟರ್ ಓಡಿಸಿ, ಆಮೇಲೆ ಅಳತೆ. ಪೆಟ್ರೋಲ್ ಯಾವಾಗಲೂ ಒಂದೇ ಬಂಕ್.

ಸೆಕೆಂಡಿಗಿಂತ ಮುಖ್ಯವಾಗಿ ನಾನು ನೋಡಿದ್ದು ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್. ಸೆನ್ಸರ್ ಹೇಳಿದ ಲೆಕ್ಕಕ್ಕೆ ಪೆಟ್ರೋಲ್ ಬಿಟ್ಟ ಮೇಲೆ, ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ "ಕಡಿಮೆ ಬಿತ್ತು" ಅಥವಾ "ಜಾಸ್ತಿ ಆಯಿತು" ಅನ್ನುತ್ತದೆ. ಇಸಿಎಂ ಆ ತಪ್ಪನ್ನು ತಿದ್ದಿ ತಿದ್ದಿ ಎಷ್ಟಕ್ಕೆ ನಿಂತಿದೆ ಅನ್ನುವ ಶೇಕಡಾವಾರು ಇದು. ಸೊನ್ನೆಯ ಹತ್ತಿರ ಇದ್ದಷ್ಟೂ ತಕ್ಕಡಿ ಸರಿ. ಪ್ಲಸ್ ಅಂದರೆ ಇಸಿಎಂ ಪೆಟ್ರೋಲ್ ಹೆಚ್ಚಿಸುತ್ತಿದೆ, ಮೈನಸ್ ಅಂದರೆ ಕಡಿಮೆ ಮಾಡುತ್ತಿದೆ. ಯಾವ ಕಡೆಗಾದರೂ 10 ದಾಟಿದರೆ ಎಲ್ಲೋ ಸುಳ್ಳು ಇದೆ.

ಕೊಳೆಯಾದ ಹಳೆಯ ಸೆನ್ಸರ್‌ನಲ್ಲಿ ಐಡ್ಲಿಂಗ್ ಟ್ರಿಮ್ +3. ಆದರೆ ರೇಸ್ ಕೊಟ್ಟಂತೆ ಏರುತ್ತ ಹೋಗಿ, ಓಟದಲ್ಲಿ +16. ಈ ಏರುವ ಲಕ್ಷಣ ನೆನಪಿಡಬೇಕು. ಸೆನ್ಸರ್ ಆಚೆಯ ರಬ್ಬರ್ ಪೈಪ್ ಎಲ್ಲಾದರೂ ಸೀಳಿ ಕಳ್ಳಗಾಳಿ ನುಗ್ಗುತ್ತಿದ್ದರೆ ತಿರುಗುಮುರುಗು: ಐಡ್ಲಿಂಗ್‌ನಲ್ಲಿ ಟ್ರಿಮ್ ದೊಡ್ಡದಿದ್ದು, ರೇಸ್ ಕೊಟ್ಟರೆ ಇಳಿಯುತ್ತದೆ. ಇಷ್ಟು ನೋಡದೆ ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಂಡವರು ನನಗೆ ಗೊತ್ತಿರುವಂತೆಯೇ ಇಬ್ಬರಿದ್ದಾರೆ. 60ರಿಂದ 100ಕ್ಕೆ 8.1 ಸೆಕೆಂಡ್. 100 ಮುಟ್ಟುವಾಗ, ಎಂಜಿನ್ 4,700 ಸುತ್ತಿನಲ್ಲಿದ್ದಾಗ, ಸೆನ್ಸರ್ ಹೇಳಿದ ಗಾಳಿ ಸೆಕೆಂಡಿಗೆ 63 ಗ್ರಾಂ.

ಆಮೇಲೆ ಅದನ್ನೇ ತೊಳೆದೆ. ಎರಡು ಸ್ಕ್ರೂ, ಐದು ಪಿನ್ನಿನ ಒಂದು ಕನೆಕ್ಟರ್, ಅಷ್ಟೇ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ತಂತಿಯ ಮೇಲೆ ಇಟ್ಟಿಗೆ ಬಣ್ಣದ ನವಿರಾದ ಪದರ, ಚಳಿಗಾಲದಲ್ಲಿ ಜೇಡರ ಬಲೆಗೆ ಧೂಳು ಕೂತ ಹಾಗೆ. ಏರ್‌ಫ್ಲೋ ಸೆನ್ಸರ್‌ಗೆಂದೇ ಬರುವ ಸ್ಪ್ರೇ ಐನೂರು ರೂಪಾಯಿ. ಹತ್ತು ಹನ್ನೆರಡು ಸಲ ಚಿಕ್ಕ ಚಿಕ್ಕದಾಗಿ ಹೊಡೆದೆ. ಕೆಳಗೆ ಹಿಡಿದ ಬಿಳಿ ಬಟ್ಟೆಯ ಮೇಲೆ ಬಿದ್ದ ಮೊದಲ ಹನಿಗಳು ಕೆಂಪಗಿದ್ದವು, ಕೊನೆಯವು ತಿಳಿಯಾಗಿದ್ದವು. ಅರ್ಧ ಗಂಟೆ ನೆರಳಲ್ಲಿ ಒಣಗಿಸಿ ಹಾಕಿದೆ. ದಯವಿಟ್ಟು ಕಾರ್ಬ್ಯುರೇಟರ್ ಸ್ಪ್ರೇ ಬಳಸಬೇಡಿ, ಇಯರ್ ಬಡ್ ತೂರಿಸಬೇಡಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಆ ತಂತಿ ಒಮ್ಮೆ ತುಂಡಾದರೆ ಮುಗಿಯಿತು.

ತೊಳೆದ ಮೇಲೆ ಟ್ರಿಮ್ +4ಕ್ಕೆ ಬಂತು, ಗಾಳಿ 72 ಗ್ರಾಂ, ಸಮಯ 7.5 ಸೆಕೆಂಡ್. ಎರಡು ಟ್ಯಾಂಕ್ ನಂತರ ಮೈಲೇಜ್ 12.8. ಬೆಟ್ಟದ ಏರಿನಲ್ಲಿ ಮುಗ್ಗರಿಸುವುದು ನಿಂತಿತು. ಹೇಳಿಕೊಳ್ಳುವಂಥ ಬದಲಾವಣೆ ಕಂಡದ್ದು ಇದೊಂದೇ ಸಲ.

ಮುಂದಿನದು ಹೆಸರಿಲ್ಲದ ಡೂಪ್ಲಿಕೇಟ್, 850 ರೂಪಾಯಿ. ಡಬ್ಬಿಯ ಮೇಲೆ ಹೈ ಪರ್ಫಾರ್ಮೆನ್ಸ್ ಅಂತ ದೊಡ್ಡ ಅಕ್ಷರದಲ್ಲಿತ್ತು. ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರ ಗಾಳಿ ಹೋಗುವ ಕಿಂಡಿಯ ಅಂಚು ನುಣುಪು, ಇದರದ್ದು ಅಚ್ಚಿನಿಂದ ತೆಗೆದಾಗ ಉಳಿದ ಪ್ಲಾಸ್ಟಿಕ್ ಚೂರುಗಳಿಂದ ಒರಟು. ಆ ಚೂರು ಸಣ್ಣದಿರಬಹುದು, ಆದರೆ ತಂತಿಯ ಮೇಲೆ ಹಾಯುವ ಗಾಳಿಯನ್ನು ಸುಳಿ ಮಾಡಲು ಅಷ್ಟು ಸಾಕು.

ಹಾಕಿ ಓಡಿಸಿದಾಗ ತಮ್ಮ ಫೋನ್ ನೋಡುತ್ತ ಕೂಗಿದ: "ಎಂಬತ್ತಾರು! ಅಣ್ಣಾ, ಎಂಬತ್ತಾರು ಗ್ರಾಂ ತೋರಸ್ತೈತಿ!" ತೊಳೆದ ಸೆನ್ಸರ್‌ಗಿಂತ 14 ಗ್ರಾಂ ಹೆಚ್ಚು. ಅಷ್ಟು ಗಾಳಿ ನಿಜವಾಗಿಯೂ ಒಳಗೆ ಹೋಗಿದ್ದರೆ ಪವರ್ ಸುಮಾರು ಶೇ. 20ರಷ್ಟು ಏರಬೇಕಿತ್ತು. ಗಡಿಯಾರ ಹೇಳಿದ್ದು 7.7 ಸೆಕೆಂಡ್, ತೊಳೆದದ್ದಕ್ಕಿಂತ ನಿಧಾನ.

ಕುಡತಿನಿಯಲ್ಲಿ ಗಾಡಿ ನಿಲ್ಲಿಸಿ, ಒಗ್ಗರಣಿ ಮಂಡಕ್ಕಿ ಮತ್ತು ಮೆಣಸಿನಕಾಯಿ ಬರುವಷ್ಟರಲ್ಲಿ ಪೇಪರ್ ಪ್ಲೇಟಿನ ಹಿಂದೆ ಲೆಕ್ಕ ಹಾಕಿದೆವು. 1.8 ಲೀಟರ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಪೂರ್ತಿ ತುಂಬುತ್ತದೆ, ಅಂದರೆ ಸುತ್ತಿಗೆ 0.9 ಲೀಟರ್. 4,700 ಸುತ್ತು ಅಂದರೆ ಸೆಕೆಂಡಿಗೆ 78 ಸುತ್ತು, 70.5 ಲೀಟರ್ ಗಾಳಿ. ಬಳ್ಳಾರಿಯ ಎತ್ತರ, ಆ ಹೊತ್ತಿನ ಬಿಸಿ ಎರಡನ್ನೂ ಹಿಡಿದರೆ ಒಂದು ಲೀಟರ್ ಗಾಳಿ ಸುಮಾರು 1.1 ಗ್ರಾಂ ತೂಗುತ್ತದೆ. ಸಿಲಿಂಡರ್ ಬಾಯಿಮಟ್ಟ ತುಂಬಿದರೂ 77 ಗ್ರಾಂ ಚಿಲ್ಲರೆ. ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಈ ಎಂಜಿನ್‌ಗೆ 86 ಎಲ್ಲಿಂದ ಬರಬೇಕು? ವೇ ಬ್ರಿಡ್ಜ್ ಸುಳ್ಳು ಚೀಟಿ ಕೊಟ್ಟಿತ್ತು. ಇಸಿಎಂ ಆ ಚೀಟಿ ನಂಬಿ ಪೆಟ್ರೋಲ್ ಸುರಿದಿತ್ತು. ಟ್ರಿಮ್ -13, ಸೈಲೆನ್ಸರ್ ಬಾಯಿ ಮಸಿ, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಹಿತ್ತಲೆಲ್ಲ ಪೆಟ್ರೋಲ್ ವಾಸನೆ, ಮೈಲೇಜ್ 11.4. ಹೀಗೆ ಬಿಟ್ಟರೆ ಕೊನೆಗೆ ಪೆಟ್ಟು ತಿನ್ನುವುದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಬೆಲೆಯ ಮುಂದೆ ಈ 850 ರೂಪಾಯಿ ಯಾವ ಲೆಕ್ಕ?

ಇನ್ನೊಂದು ಪರೀಕ್ಷೆ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಈ ಸೆನ್ಸರ್‌ನೊಳಗೇ ಗಾಳಿಯ ಬಿಸಿ ಅಳೆಯುವ ಒಂದು ಸಣ್ಣ ಮಣಿ ಇರುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ. ಕೂಲಂಟ್ ಬಿಸಿ, ಒಳಗಾಳಿಯ ಬಿಸಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನನ್ನ ಹಳೆಯದರಲ್ಲಿ ಕೂಲಂಟ್ 26, ಗಾಳಿ 27. ಡೂಪ್ಲಿಕೇಟ್‌ನಲ್ಲಿ ಕೂಲಂಟ್ 26, ಗಾಳಿ 34. ಇಷ್ಟು ಕಂಡ ಮೇಲೆ ಎರಡನೇ ಟ್ಯಾಂಕ್ ಮುಗಿಯುವ ತನಕ ಕಾಯಲಿಲ್ಲ, ಬಿಚ್ಚಿದೆ.

ಒರಿಜಿನಲ್ ಹೊಸದಕ್ಕೆ ನಾನು ದುಡ್ಡು ಕೊಡಲಿಲ್ಲ. ಗೆಳೆಯನೂ ನಾನೂ ಒಂದು ವಾರ ಅದಲುಬದಲು ಮಾಡಿಕೊಂಡೆವು, ಅವನ ಹೊಸ ಡೆನ್ಸೊ ಕಂಪನಿಯ ಸೆನ್ಸರ್ ನನ್ನ ಗಾಡಿಗೆ, ನನ್ನ ತೊಳೆದ ಹಳೆಯದು ಅವನ ಗಾಡಿಗೆ. ನನಗೆ ಬಂದದ್ದು ಟ್ರಿಮ್ +1, ಗಾಳಿ 74 ಗ್ರಾಂ, 7.4 ಸೆಕೆಂಡ್. ಆ 0.1 ಸೆಕೆಂಡ್ ನನ್ನ ಕಾಲಿನ ವ್ಯತ್ಯಾಸವೂ ಇರಬಹುದು. ಅವನಿಗೆ ವಾರವಿಡೀ ಏನೂ ಬದಲಾದಂತೆ ಅನ್ನಿಸಲಿಲ್ಲ. ಸೆನ್ಸರ್ ಕೆಟ್ಟೇ ಹೋಗಿದ್ದರೆ ಇದನ್ನೇ ಹಾಕಿಸಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕೆಡದೆ ಇದ್ದರೆ ಆರೂವರೆ ಸಾವಿರ ಕೊಟ್ಟು ಕೊಳ್ಳುವುದು ಏನೂ ಇಲ್ಲ.

ಕೊನೆಗೆ ಆ ಹುಡುಗ "ಪರ್ಫಾರ್ಮೆನ್ಸ್ ಸೆನ್ಸರ್" ಅಂದಿದ್ದ "ಪವರ್ ಚಿಪ್". 350 ರೂಪಾಯಿ. ಬಿಚ್ಚಿದರೆ ಒಳಗಿದ್ದದ್ದು ಒಂದು ರೆಸಿಸ್ಟರ್. ಮೇಲೆ ಹೇಳಿದ ಮಣಿಯ ವೈರಿಗೆ ಇದನ್ನು ಸೇರಿಸಿದರೆ, ಒಳಗೆ ಬರುತ್ತಿರುವ ಗಾಳಿ ತಣ್ಣಗಿದೆ ಅಂತ ಇಸಿಎಂ ನಂಬುತ್ತದೆ. ತಣ್ಣಗಿನ ಗಾಳಿಗೆ ಕಿಡಿ ಸ್ವಲ್ಪ ಮುಂಚೆ ಕೊಡಬಹುದು ಅಂತ ಕಿಡಿಯ ಟೈಮಿಂಗ್ ಬೇಗನೆ ಆಗುತ್ತದೆ. ನಮ್ಮ ಬಿಸಿಲಿಗೆ ಇದು ನೇರ ಅಪಾಯ. ಸಂಡೂರಿನ ಏರಿನಲ್ಲಿ ಕಟಕಟ ಅಂತ ಎಂಜಿನ್ ಬಡಿಯತೊಡಗಿತು. 7.5 ಸೆಕೆಂಡ್, ಲಾಭ ಸೊನ್ನೆ. ಯಶವಂತನಗರದ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿ ಕಿತ್ತೆ. ಎಂಜಿನ್ ಬಡಿತ ಪಿಸ್ಟನ್‌ಗೆ ಏನು ಮಾಡುತ್ತದೆ ಅಂತ ಬಲ್ಲವರು ಯಾರೂ ಇದನ್ನು ಮಾರಬಾರದು.

ಮೇ ತಿಂಗಳ ಒಂದು ಮಧ್ಯಾಹ್ನ, 41 ಡಿಗ್ರಿಯಲ್ಲಿ, ತೊಳೆದ ಸೆನ್ಸರ್‌ನಲ್ಲೇ ಅದೇ ಓಟ ಓಡಿಸಿದೆ. 8 ಸೆಕೆಂಡ್. 25 ಡಿಗ್ರಿಯ ಗಾಳಿಗಿಂತ 41 ಡಿಗ್ರಿಯದು ಶೇ. 5ರಷ್ಟು ತೆಳು, ಕಾದ ಬಾನೆಟ್ ಒಳಗೆ ಇನ್ನೂ ತೆಳು. ಬೆಳಗ್ಗೆ ಆರಕ್ಕೆ ಹೊಸ ಸೆನ್ಸರ್ ಹಾಕಿಸಿಕೊಂಡು, ಹಿಂದಿನ ದಿನ ಮಧ್ಯಾಹ್ನದ ಓಟಕ್ಕೆ ಹೋಲಿಸಿ "ಪಿಕಪ್ ಬಂತು" ಅನ್ನುವವರು ಇದನ್ನು ಗಮನಿಸಬೇಕು.

ಮಾರುತಿ, ಹ್ಯುಂಡೈಗಳ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ ಈ ಸೆನ್ಸರೇ ಇರುವುದಿಲ್ಲ, ಅವು ಮ್ಯಾನಿಫೋಲ್ಡ್ ಒತ್ತಡ ನೋಡಿ ಗಾಳಿಯ ಲೆಕ್ಕ ಹಾಕುತ್ತವೆ. ಅಂಥ ಗಾಡಿಗೂ ಏರ್‌ಫ್ಲೋ ಸೆನ್ಸರ್ ಮಾರಲು ಬಂದರೆ ಅಂಗಡಿಯಿಂದ ಎದ್ದು ಬನ್ನಿ.

ಡೀಸೆಲ್ ಮಾತ್ರ ಬೇರೆ ಕಥೆ. ಸಿರುಗುಪ್ಪದ ನಮ್ಮ ಭಾವನ ಸ್ವಿಫ್ಟ್ ಡೀಸೆಲ್ ಸತ್ತ ಎತ್ತಿನ ಹಾಗಾಗಿತ್ತು. ಡೀಸೆಲ್‌ನಲ್ಲಿ ಈ ಸೆನ್ಸರ್ ಮುಖ್ಯವಾಗಿ ಸೈಲೆನ್ಸರ್ ಕಡೆಯ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್‌ಗೆ, ಮತ್ತೆ ಹೊಗೆ ಬರದಷ್ಟೇ ಡೀಸೆಲ್ ಬಿಡುವುದಕ್ಕೆ. ಗಾಳಿ ಕಡಿಮೆ ಅಂತ ಅದು ಸುಳ್ಳು ಹೇಳಿದರೆ ಇಸಿಎಂ ಡೀಸೆಲ್ ಹಿಡಿದುಬಿಡುತ್ತದೆ, ಗಾಡಿ ಮೇಲೇಳುವುದಿಲ್ಲ. ಕನೆಕ್ಟರ್ ಬಿಚ್ಚಿ ಓಡಿಸಿ ನೋಡ್ರಿ ಭಾವ ಅಂದೆ. ಬಿಚ್ಚಿ ಆ ಸುಳ್ಳು ಸುದ್ದಿ ನಿಂತ ತಕ್ಷಣ ಎಳೆತ ಬಂತು, ಅಂದರೆ ಸೆನ್ಸರೇ ಕೆಟ್ಟಿದೆ. ತೊಳೆದರೂ ಸರಿಹೋಗಲಿಲ್ಲ. ಬಾಷ್ ಹೊಸದು ಹಾಕಿಸಿದ ಮೇಲೆ ಗಾಡಿ ಮೊದಲಿನಂತಾಯಿತು. ಮೊದಲಿನಂತೆ ಆಯಿತು, ಮೊದಲಿಗಿಂತ ಹೆಚ್ಚಾಗಲಿಲ್ಲ.

ನನ್ನ ಗಾಡಿಯಲ್ಲಿ ಈಗಲೂ ಇರುವುದು 2012ರದೇ ಸೆನ್ಸರ್. ಏರ್ ಫಿಲ್ಟರ್‌ನ್ನು 5,000 ಕಿಲೋಮೀಟರಿಗೆ ನಾನೇ ಬದಲಿಸುತ್ತೇನೆ, ಎರಡೂ ಕ್ಲಿಪ್ ಕೂತ ಸದ್ದು ಕೇಳಿದ ಮೇಲೆಯೇ ಬಾನೆಟ್ ಮುಚ್ಚುತ್ತೇನೆ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಬೇಡ ಅಂದುಕೊಂಡಿದ್ದೇನೆ, ಆ ಎಣ್ಣೆ ಹೆಚ್ಚಾದರೆ ಹಾರಿ ಹೋಗಿ ತಂತಿಯ ಮೇಲೇ ಕೂರುತ್ತದೆ, ಅದರ ಮೇಲೆ ನಮ್ಮ ಧೂಳು. ತೊಳೆದು ಒಂಬತ್ತು ಸಾವಿರ ಕಿಲೋಮೀಟರ್ ಆಯಿತು. ಮೊನ್ನೆ ಭಾನುವಾರ ನೋಡಿದಾಗ ಟ್ರಿಮ್ +5, ಡಬ್ಬಿಯ ಒಳಬದಿ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಇತ್ತು.