ಹಚ್ಚೆಯ ಮೇಲಿನ ಪಾರದರ್ಶಕ ಫಿಲ್ಮ್: ಮುಂಬಯಿ ಬೆವರಿಗೆ ಎಷ್ಟು ದಿನ ತಾಳುತ್ತದೆ?

ಟ್ಯಾಟೂ ಮುಗಿಯುತ್ತಿದ್ದಂತೆ ಸ್ಟುಡಿಯೋದವರು ಈಗ ‘ಸೆಕೆಂಡ್ ಸ್ಕಿನ್’ ಅಂತ ತೆಳ್ಳನೆಯ ಪಾರದರ್ಶಕ ಹಾಳೆ ಅಂಟಿಸಿ ಕಳಿಸುತ್ತಾರೆ. ಐದು ದಿನ ಮುಟ್ಟಲೇಬೇಡಿ ಎಂಬ ಮಾತೂ ಜೊತೆಗೇ ಬರುತ್ತದೆ. ಒಣ ಹವೆಯ ಊರಿನಲ್ಲಿ ಇದು ನಡೆದೀತು. ಮೇ ತಿಂಗಳಲ್ಲಿ ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತುವವರಿಗೆ ನಡೆಯುವುದಿಲ್ಲ. ಹಾಗಂತ ಹಾಳೆ ಕೆಟ್ಟದ್ದಲ್ಲ, ದಿನದ ಲೆಕ್ಕ ಬೇರೆ ಹಾಕಬೇಕು, ಅಷ್ಟೆ.

ಇದು ಪಾಲಿಯುರೆಥೇನ್ ಫಿಲ್ಮ್, ಒಂದು ಬದಿಗೆ ಅಕ್ರಿಲಿಕ್ ಅಂಟು. ಆಸ್ಪತ್ರೆಯಲ್ಲಿ ಸಲೈನ್ ಸೂಜಿ ಕದಲದಂತೆ ಮೇಲೆ ಅಂಟಿಸುವ ಟೆಗಾಡರ್ಮ್ ಕೂಡ ಇದೇ ಜಾತಿಯದು. ಹೊರಗಿನ ನೀರು, ಬ್ಯಾಕ್ಟೀರಿಯಾ ಒಳಗೆ ಬರದು, ಒಳಗಿನ ಆವಿ ಹೊರಗೆ ಹೋಗುತ್ತದೆ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಆವಿಯನ್ನೂ ಕಟ್ಟಿಹಾಕುತ್ತದೆ. ಸ್ಟುಡಿಯೋದಿಂದ ಮನೆ ಮುಟ್ಟುವ ಎರಡು-ಮೂರು ಗಂಟೆಗೆ ಅದು ಸಾಕು, ಅದನ್ನೇ ಸುತ್ತಿಕೊಂಡು ಮಲಗುವುದು ಬೇಡ.

ಆದರೆ ಫಿಲ್ಮ್ ಆವಿ ಬಿಡುವುದಕ್ಕೂ ಒಂದು ಮಿತಿ ಇದೆ. ಬೆವರು ಅದಕ್ಕಿಂತ ಜೋರಾಗಿ ಸುರಿದರೆ ಅಂಟಿನ ಕೆಳಗೇ ನಿಲ್ಲುತ್ತದೆ. ಬಟ್ಟೆ ಒಗೆದ ಬೆರಳಿನ ಹಾಗೆ ಚರ್ಮ ಬೆಳ್ಳಗೆ ಸುಕ್ಕುಗಟ್ಟುತ್ತದೆ, ಅಂಚು ಏಳುತ್ತದೆ. ಅಂಚಿನಿಂದ ದ್ರವ ಹೊರಗೆ ಜಿನುಗುತ್ತಿದೆ ಎಂದರೆ ಹೊರಗಿನ ಕೊಳೆಗೂ ಒಳದಾರಿ ಆಯಿತೆಂದೇ ಅರ್ಥ. ಮೇಲೊಂದು ಟೇಪ್ ಮೆತ್ತಿ ಸುಮ್ಮನಾಗುವವರೇ ಹೆಚ್ಚು. ಅದು ತಪ್ಪು. ಇಡೀ ಹಾಳೆ ತೆಗೆದು, ತೊಳೆದು, ಹೊಸದು ಹಾಕಬೇಕು. ಇಲ್ಲವೇ ಹಾಗೇ ತೆರೆದು ಬಿಡಬೇಕು.

ಮೊದಲ ರಾತ್ರಿ ಹಾಳೆಯ ಕೆಳಗೆ ಕಪ್ಪು ಕಷಾಯದಂಥ ದ್ರವ ಗುಳ್ಳೆಯಾಗಿ ತುಂಬುತ್ತದೆ. ಪ್ಲಾಸ್ಮಾ, ಚೂರು ರಕ್ತ, ಚರ್ಮ ಹಿಡಿದಿಟ್ಟುಕೊಳ್ಳದ ಇಂಕ್, ಇಷ್ಟೇ ಅದು. ಬಣ್ಣವೆಲ್ಲ ಹೋಯಿತೆಂದು ಗಾಬರಿ ಬೇಡ, ನಿಜವಾದ ಇಂಕ್ ಕೆಳಗಿನ ಒಳಚರ್ಮದಲ್ಲಿ ಕೂತಿರುತ್ತದೆ. 24 ಗಂಟೆಗೆ ಈ ಮೊದಲ ತುಂಡು ತೆಗೆಯಿರಿ. ತೆಗೆಯುವಾಗ ಬ್ಯಾಂಡೇಜಿನಂತೆ ಮೇಲಕ್ಕೆ ಕಿತ್ತರೆ ಹಸಿ ಚರ್ಮವೂ ಕಿತ್ತುಬರುತ್ತದೆ. ಉಗುರುಬೆಚ್ಚಗಿನ ನೀರು ಬಿಡುತ್ತಾ ಒಂದು ಮೂಲೆ ಎಬ್ಬಿಸಿ, ಚರ್ಮಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಎಳೆದರೆ ಅಂಟು ತಾನಾಗಿ ಬಿಡುತ್ತದೆ.

ಎರಡನೇ ತುಂಡು ಹಾಕುವುದಾದರೆ ತೊಳೆದು ಪೂರ್ತಿ ಆರಿದ ಮೇಲೆ, ಕ್ರೀಮ್ ಹಚ್ಚದೆ ಹಾಕಿ. ಜಿಡ್ಡಿದ್ದರೆ ಅಂಟು ಹಿಡಿಯದು. ಹಚ್ಚೆಯ ಸುತ್ತ ಎರಡು ಮೂರು ಸೆಂಟಿಮೀಟರ್ ಒಳ್ಳೆಯ ಚರ್ಮ ಸಿಗುವಷ್ಟು ದೊಡ್ಡ ತುಂಡು ಬೇಕು, ಅಲ್ಲಿ ಕೂದಲೂ ಇರಬಾರದು. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿದರೆ ಅಂಗಿಗೆ ಸಿಕ್ಕಿ ಏಳುವುದಿಲ್ಲ. ಎಳೆದು ಹಿಗ್ಗಿಸಿ ಅಂಟಿಸಲೇಬೇಡಿ: ಹಿಗ್ಗಿದ ಹಾಳೆ ವಾಪಸ್ಸು ಕುಗ್ಗುವಾಗ ಅಂಚಿನಲ್ಲಿ ಚರ್ಮವನ್ನು ಜಗ್ಗಿ ನೀರ್ಗುಳ್ಳೆ ಎಬ್ಬಿಸುತ್ತದೆ. ಸಿಪ್ಪೆ ಏಳಲು ಶುರುವಾದ ಹಚ್ಚೆಯ ಮೇಲೂ ಬೇಡ, ಅಂಟಿನ ಜೊತೆ ಹೆಕ್ಕಳೆ ಬಂದು ಬಣ್ಣದಲ್ಲಿ ತೂತು ಬೀಳುತ್ತದೆ.

ನಮ್ಮ ಲೆಕ್ಕ ಹೀಗಿದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮುಂಗೈ, ಮೀನಖಂಡ, ತೊಡೆಯ ಹೊರಬದಿಗೆ ಎರಡನೇ ತುಂಡು ಮೂರು ನಾಲ್ಕು ದಿನ ಇರಲಿ. ಲೋಕಲ್‌ನ ನೂಕುನುಗ್ಗಲಲ್ಲಿ ಪಕ್ಕದವರ ಬ್ಯಾಗಿನ ಜಿಪ್ಪು ಹಸಿ ಹಚ್ಚೆಗೆ ಉಜ್ಜುವುದು ತಪ್ಪುತ್ತದಲ್ಲ, ಈ ಒಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಏಪ್ರಿಲ್‌ನಿಂದ ಅಕ್ಟೋಬರ್ ಸೆಕೆಯವರೆಗೆ ಮೊದಲ 24 ಗಂಟೆಗಷ್ಟೇ ಸಾಕು. ಮೊಣಕೈ ಮಡಿಕೆ, ಕಂಕುಳ ಹತ್ತಿರ, ಎದೆಗೂದಲ ನಡುವೆ ಯಾವ ಕಾಲದಲ್ಲೂ ಇದು ನಿಲ್ಲುವುದಿಲ್ಲ. ಲೋಕಲ್‌ನಲ್ಲಿ ಹಿಡಿಕೆ ಹಿಡಿದು ಕೈಯೆತ್ತಿ ನಿಲ್ಲುವವರ ಒಳತೋಳಿನಲ್ಲಂತೂ ಅರ್ಧ ದಿನವೂ ಇಲ್ಲ.

ಪಾದ, ಹಿಮ್ಮಡಿಯ ಹಚ್ಚೆಯನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡುವುದೇ ಲೇಸು. ರಸ್ತೆಯಲ್ಲಿ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಬರುವ ಊರಿದು, ತೆರೆದ ಗಾಯ ಅದಕ್ಕೆ ಬಾಗಿಲು. ಅಂಚು ಎದ್ದ ಫಿಲ್ಮ್ ನಂಬಿ ಆ ನೀರಿಗಿಳಿಯಬೇಡಿ. ಸಮುದ್ರ, ಈಜುಕೊಳ ಯಾವ ಕಾಲದಲ್ಲಾದರೂ ಮೂರು-ನಾಲ್ಕು ವಾರ ಬೇಡ.

ಹಾಳೆ ತೆಗೆದ ಮೇಲಿನ ಆರೈಕೆ ಸುಲಭ. ದಿನಕ್ಕೆ ಎರಡು ಸಲ ಪರಿಮಳವಿಲ್ಲದ ಲಿಕ್ವಿಡ್ ಸೋಪು ಹಚ್ಚಿ ಅಂಗೈಯಿಂದಲೇ ತೊಳೆಯಿರಿ, ಟಿಶ್ಯೂವಿನಿಂದ ಒತ್ತಿ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಆಮೇಲೆ 5 ಶೇಕಡಾ ಡೆಕ್ಸ್‌ಪ್ಯಾಂಥೆನಾಲ್ ಇರುವ ಮುಲಾಮು, ಅಂಗೈಯಗಲದ ಹಚ್ಚೆಗೆ ಒಂದು ಬಟಾಣಿಯಷ್ಟು. ಹಚ್ಚಿದ್ದು ಹೊಳೆದು ಕಂಡರೆ ಜಾಸ್ತಿಯಾಯಿತು, ಒರೆಸಿಬಿಡಿ. ದಪ್ಪಗೆ ಬಳಿದರೆ ಹೆಕ್ಕಳೆ ನೆನೆದು ಮೊದಲೇ ಉದುರುತ್ತದೆ. ನಿಯೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಮುಲಾಮು ಕೆಲವರಿಗೆ ಅಲರ್ಜಿ ತರುತ್ತದೆ, ಸ್ಟೆರಾಯ್ಡ್ ಬೆರೆತದ್ದು ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ಮನೆಮಂದಿಯೆಲ್ಲ ಬೆರಳದ್ದುವ ಕೊಬ್ಬರಿ ಎಣ್ಣೆ ಬಟ್ಟಲು, ಅಜ್ಜಿ ಹೇಳುವ ಅರಿಶಿನ, ಎರಡೂ ಈ ಮೂರು ವಾರ ದೂರ ಇರಲಿ.

ಫಿಲ್ಮಿನದೇ ಆಕಾರದಲ್ಲಿ, ನೇರ ಅಂಚಿನ ಚೌಕದಂತೆ ಕೆಂಪಾಗಿ ತುರಿಸಿದರೆ ಅದು ಅಂಟಿನ ಅಲರ್ಜಿ. ಆ ಹೊತ್ತಿಗೇ ತೆಗೆಯಿರಿ, ಬೇರೆ ಕಂಪನಿಯದು ಹುಡುಕುವುದೂ ಬೇಡ, ಬಹುಪಾಲು ಎಲ್ಲದರಲ್ಲೂ ಅಂಟು ಅಕ್ರಿಲಿಕ್ಕೇ. ಹಚ್ಚೆಯ ಸುತ್ತ ಮೂರನೇ ದಿನದ ನಂತರವೂ ಕೆಂಪು ಹರಡುತ್ತಾ ನೋವು ಏರುತ್ತಿದ್ದರೆ, ಹಳದಿ ಕೀವು ಅಥವಾ ಜ್ವರ ಬಂದರೆ ಮಾತ್ರ ಕಥೆ ಬೇರೆ. ಮುಚ್ಚಿಟ್ಟಷ್ಟೂ ಸೋಂಕು ಬೆಳೆಯುತ್ತದೆ, ಅವತ್ತೇ ವೈದ್ಯರಿಗೆ ತೋರಿಸಿ.

ಸ್ಟುಡಿಯೋದಲ್ಲಿ ತುಂಡಿನ ಲೆಕ್ಕದಲ್ಲಿ ಕೊಳ್ಳುವ ಮೊದಲು ಪ್ರಿನ್ಸೆಸ್ ಸ್ಟ್ರೀಟಿನ ಸರ್ಜಿಕಲ್ ಅಂಗಡಿಗಳಲ್ಲಿ ದರ ಕೇಳಿ. ಬಿಡಿ ಪ್ಯಾಕೆಟ್ಟಿನ 10 ಗುಣಿಲೆ 12 ಸೆಂಟಿಮೀಟರ್ ಹಾಳೆ ಸ್ಟೆರೈಲ್, ಅಂದರೆ ರೋಗಾಣುಮುಕ್ತ ಆಗಿರುತ್ತದೆ, ರೋಲ್ ಸಾಮಾನ್ಯವಾಗಿ ಹಾಗಿರುವುದಿಲ್ಲ. ಸುತ್ತ ಎರಡು ಮೂರು ಸೆಂಟಿಮೀಟರ್ ಬಿಟ್ಟು ಇದರೊಳಗೆ ಕೂರುವ ಸಣ್ಣ ಹಚ್ಚೆಗೆ ಇಂಥ ಎರಡು ಹಾಳೆ ಸಾಕು, ಬೇಸಿಗೆಯಲ್ಲಾದರೆ ಒಂದೇ.