9.9 ಎಚ್‌ಪಿ ಸೀಮೆಎಣ್ಣೆ ಎಂಜಿನ್: ನಾಡದೋಣಿಯಲ್ಲಿ ನಾಲ್ಕು ಮಳೆಗಾಲ

ಎಂಜಿನ್ ಒಳ್ಳೆಯದೇ. ಕೆಟ್ಟಾಗ ಅದನ್ನು ಸರಿ ಮಾಡಿಸುವ ವ್ಯವಸ್ಥೆ ಮಾತ್ರ ನಂಬುವ ಹಾಗಿಲ್ಲ. ಉಡುಪಿ ಜಿಲ್ಲೆಯ ಗಂಗೊಳ್ಳಿ ಕಡೆಯ ನಮ್ಮ ಕಂತಬಲೆ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ದೋಣಿಯ ಹಿಂಬದಿಗೆ, ಹೊರಗಡೆ, ಈ ಔಟ್‌ಬೋರ್ಡ್ ಎಂಜಿನ್ ಕಟ್ಟಿ ನಾಲ್ಕು ಮಳೆಗಾಲ ಆಯಿತು.

ಘಟ್ಟದ ಮೇಲಿನವರಿಗಾಗಿ ಮೊದಲು ನಮ್ಮ ಸೀಸನ್ ವಿಷಯ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಎಚ್‌ಪಿವರೆಗಿನ ಎಂಜಿನ್ ಕಟ್ಟಿದ ನಾಡದೋಣಿ ಹೋಗಬಹುದು. ಹಾಗಂತ ಜೂನ್ ಒಂದಕ್ಕೇ ಮೀನು ಕಾದು ಕೂತಿರುವುದಿಲ್ಲ. ಒಂದು ಒಳ್ಳೆ ತೂಫಾನ್ ಆಗಬೇಕು, ಕಡಲು ಅಡಿಮೇಲಾಗಬೇಕು. ಆಮೇಲೆ ಸಿಗಡಿ, ಬಂಗುಡೆ ದಡದ ಹತ್ತಿರ ಬರುತ್ತವೆ. ನಡುವೆ ಗಾಳಿ ಜೋರಾದರೆ ದೋಣಿ ಇಳಿಸುವ ಮಾತೇ ಇಲ್ಲ. ಇದೆಲ್ಲ ಕಳೆದು ಉಳಿಯುವ ದಿನಗಳಲ್ಲೇ ನಮ್ಮ ದುಡಿಮೆ. ಆಗ ಮೀನಿಗೆ ರೇಟೂ ಜಾಸ್ತಿ.

ಎಳೆತದ ಬಗ್ಗೆ ದೂರಿಲ್ಲ. ಬಲೆ, ಐಸ್, ಜನ ಎಲ್ಲ ತುಂಬಿಕೊಂಡು ನದಿ ಕಡಲು ಸೇರುವ ಅಳಿವೆಯ ಅಲೆಗೆ ಎದುರು ಹೋಗುವಾಗಲೂ ಉಸಿರು ಕಟ್ಟುವುದಿಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಸ್ವಲ್ಪ ಓಡಿಸಿದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿಯುವುದಿಲ್ಲ, ಮರುದಿನ ಬೆಳಗ್ಗೆ ಹಗ್ಗ ಎಳೆದು ಎಳೆದು ಭುಜ ನೋಯುವುದೂ ಇಲ್ಲ. ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಅದು ಎಲ್ಲ ಸೀಮೆಎಣ್ಣೆ ಎಂಜಿನ್‌ಗೂ ಇದ್ದದ್ದೇ.

ಎರಡನೇ ಮಳೆಗಾಲದಲ್ಲಿ ಇಂಪೆಲ್ಲರ್ ಹೋಯಿತು. ನೀರೆತ್ತಿ ಎಂಜಿನ್ ತಂಪಾಗಿಡುವ ರಬ್ಬರ್ ಚಕ್ರ ಅದು. ಅಳಿವೆಯ ಮರಳು ನೀರಿನ ಜೊತೆ ಒಳಗೆ ಹೋಗಿ ಅದರ ರೆಕ್ಕೆಗಳನ್ನು ತಿನ್ನುತ್ತದೆ. ಹಿಂದಿನ ತೂತಿನಿಂದ ಚಿಮ್ಮುವ ನೀರು ಸಣ್ಣದಾದರೆ ಅದೇ ಸೂಚನೆ, ತಕ್ಷಣ ಎಂಜಿನ್ ನಿಲ್ಲಿಸಿ. ಈ ಸಾಮಾನು ಊರಲ್ಲೇ ಸಿಕ್ಕಿತು, ಸಂಜೆಯೊಳಗೆ ಕೆಲಸ ಮುಗಿಯಿತು.

ಮೂರನೇ ವರ್ಷದ್ದು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹರಿದ ಬಲೆಯ ನೂಲು ಪ್ರೊಪೆಲ್ಲರಿಗೆ ಸುತ್ತಿ, ಒಳಗೆ ಜಾರಿ, ನೀರು ಒಳಗೆ ಬಾರದ ಹಾಗೆ ತಡೆಯುವ ಶಾಫ್ಟಿನ ಸೀಲನ್ನು ಕೊಯ್ದಿತ್ತು. ಹೊರಗಿನಿಂದ ಏನೂ ಕಾಣುವುದಿಲ್ಲ. ಕೆಳಗಿನ ಸ್ಕ್ರೂ ಬಿಚ್ಚಿದಾಗ ಗೇರ್ ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗೆ ಇಳಿಯಿತು. ಉಪ್ಪುನೀರು ಹೊಕ್ಕು ಬೇರಿಂಗ್ ತುಕ್ಕು ಹಿಡಿದಿತ್ತು, ಗೇರಿನ ಹಲ್ಲೂ ಹೋಗಿತ್ತು. ಡೀಲರ್ ಹತ್ತಿರ ಸೀಲೂ ಇಲ್ಲ, ಗೇರೂ ಇಲ್ಲ. "ಆರ್ಡರ್ ಹಾಕಿದ್ದೇವೆ, ಈ ವಾರ ಬರುತ್ತದೆ" ಅಂದರು. ಮುಂದಿನ ವಾರವೂ ಅದೇ ಮಾತು. ಆಗಷ್ಟೇ ತೂಫಾನ್ ಮುಗಿದು ಸಿಗಡಿ ಬಿದ್ದಿತ್ತು. ಬೇರೆ ದೋಣಿಗಳು ಬುಟ್ಟಿ ಇಳಿಸುವಾಗ ನಮ್ಮದು ಟಾರ್ಪಲ್ ಹೊದ್ದು ಮರಳ ಮೇಲಿತ್ತು. ನಮ್ಮಲ್ಲಿ ಸಂಬಳ ಇಲ್ಲ, ಪಾಲು. ದೋಣಿ ಇಳಿಯದಿದ್ದರೆ ಜೊತೆಗೆ ಬರುವವರ ಮನೆಗೂ ಏನೂ ಇಲ್ಲ. ಎಂಜಿನ್ ಸರಿಯಾಗಿ ಬಂದಾಗ ಆಗಸ್ಟ್, ದೊಡ್ಡ ಬೋಟುಗಳೂ ಇಳಿದಾಗಿತ್ತು. ಸಾಮಾನಿನ ಬಿಲ್ ದೊಡ್ಡದೇನೂ ಅಲ್ಲ. ಹೋದದ್ದು ಇಡೀ ಸೀಸನ್. ಮಳೆಗಾಲಕ್ಕೆಂದೇ ಈ ಎಂಜಿನ್ ಮಾರುವವರು ಮೇ ತಿಂಗಳಲ್ಲಿ ಇದರ ಸೀಲ್ ತರಿಸಿ ಇಡದೇ ಇರುವುದು ದೊಡ್ಡ ಅನ್ಯಾಯ, ಅಲ್ವಾ?

ಈ ವರ್ಷ ತೊಂದರೆ ಕೊಟ್ಟಿಲ್ಲ. ದಿನಾ ದಡಕ್ಕೆ ಬಂದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಎಂಜಿನ್ ಓಡಿಸಿ ಉಪ್ಪು ತೊಳೆಯುತ್ತೇವೆ. ನೂಲು ಸುತ್ತಿದ ಅನುಮಾನ ಬಂದರೆ ಅವತ್ತೇ ಪ್ರೊಪೆಲ್ಲರ್ ಬಿಚ್ಚಿ ನೋಡುತ್ತೇವೆ. ಕೆಳಗೆ ಕೂರಿಸಿದ ಸತುವಿನ ತುಂಡಿಗೆ ಕೆಲವರು ಪೇಂಟ್ ಬಳಿಯುತ್ತಾರೆ, ಬಳಿಯಬೇಡಿ. ಎಂಜಿನ್ ಬದಲು ತಾನು ಸವೆಯಲಿಕ್ಕೇ ಅದು ಇರುವುದು.

ಕೊಳ್ಳಬಹುದಾ ಅಂತ ಕೇಳಿದರೆ, ನಿಮ್ಮ ಬಂದರಿನಲ್ಲಿ ಇದೇ ಮಾಡೆಲ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಸ್ವಲ್ಪ ಎಳೆತ ಕಡಿಮೆ ಇದ್ದರೂ ಊರಲ್ಲಿ ಎಲ್ಲರ ಹತ್ತಿರ ಇರುವ ಎಂಜಿನ್ನೇ ತೆಗೆದುಕೊಳ್ಳಿ. ದುಡ್ಡು ಕೊಡುವ ಮೊದಲು ಡೀಲರ್ ಹತ್ತಿರ ಶಾಫ್ಟ್ ಸೀಲ್, ಇಂಪೆಲ್ಲರ್, ಗೇರ್ ಸೆಟ್ ತೋರಿಸಲು ಹೇಳಿ. ಕಪಾಟಿನಿಂದ ತೆಗೆದು ಕೈಗೆ ಕೊಡಬೇಕು, "ತರಿಸಿ ಕೊಡುತ್ತೇವೆ" ಅಂದರೆ ಒಪ್ಪಬೇಡಿ.