ಮಹಿಳೆಯರ ಹೆಲ್ತ್ ಚೆಕಪ್ ಪ್ಯಾಕೇಜ್: ಡಾಕ್ಟರ್‌ಗೆ ಪೂರ್ತಿ ಅಂಕ, ಟೆಸ್ಟ್ ಪಟ್ಟಿಗೆ ಅಲ್ಲ

ಕಾಯಿಲೆ ಬರುವ ಮೊದಲೇ ಒಮ್ಮೆ ಎಲ್ಲ ತೋರಿಸಿಕೊಳ್ಳೋಣ ಅಂತ ಒಂದು ಆಸ್ಪತ್ರೆಯ ಮಹಿಳೆಯರ ಚೆಕಪ್ ಪ್ಯಾಕೇಜ್ ತೆಗೆದುಕೊಂಡೆ. ನನಗೆ ವಯಸ್ಸು 43. '70ಕ್ಕೂ ಹೆಚ್ಚು ಟೆಸ್ಟ್' ಅಂತ ದೊಡ್ಡದಾಗಿ ಹಾಕಿದ್ದರು. ಈ ಲೆಕ್ಕ ನೋಡಿ ಮರುಳಾಗಬೇಡಿ. ಸಿಬಿಸಿ ಅನ್ನುವ ಒಂದೇ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಅಂತ ಸಾಲುಸಾಲು ಬರುತ್ತದೆ. ಒಂದೊಂದು ಸಾಲನ್ನೂ ಒಂದು ಟೆಸ್ಟ್ ಅಂತ ಎಣಿಸಿದರೆ 70 ಆಗುವುದೇನು ಕಷ್ಟ?

ನಿಜವಾಗಿ ಚೆನ್ನಾಗಿದ್ದದ್ದು ಡಾಕ್ಟರ್. ರಕ್ತ ತೆಗೆಯುವ ಮೊದಲೇ ಕೂರಿಸಿ ಮಾತಾಡಿಸಿದರು. ಮುಟ್ಟು ಎಷ್ಟು ದಿನ ಇರುತ್ತದೆ, ಜಾಸ್ತಿ ಹೋಗುತ್ತದಾ, ನಿದ್ದೆ ಹೇಗಿದೆ, ಕೆಮ್ಮಿದಾಗ ಮೂತ್ರ ಸೋರುತ್ತದಾ, ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ, ಬಸಿರಿನಲ್ಲಿ ಬಿಪಿ ಅಥವಾ ಶುಗರ್ ಬಂದಿತ್ತಾ. ನನಗೆ ಎರಡನೇ ಬಸಿರಿನಲ್ಲಿ ಶುಗರ್ ಇತ್ತು. ಹೆರಿಗೆ ಆದ ಮೇಲೆ ಹೋಯಿತಲ್ಲ ಅಂದೆ. ಹಾಗೆ ಬಂದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಆಗಾಗ ನೋಡಿಸುತ್ತಲೇ ಇರಬೇಕು ಅಂದರು. ಇಷ್ಟು ವರ್ಷದಲ್ಲಿ ಯಾರೂ ಈ ಮಾತು ಹೇಳಿರಲಿಲ್ಲ. ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 5.9 ಬಂತು. 5.7ರಿಂದ 6.4ರವರೆಗೆ ಕಾಯಿಲೆಯ ಹೊಸ್ತಿಲು, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ. ಹೊಸ್ತಿಲಲ್ಲೇ ಗೊತ್ತಾಯಿತಲ್ಲ, ಅದು ನನಗೆ ದೊಡ್ಡ ಸಮಾಧಾನ.

ಇನ್ನೊಂದು ವಿಷಯ ಕೇಳಿ. ನನ್ನ ಹಿಮೋಗ್ಲೋಬಿನ್ 12.3. ಬಸಿರಿಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅನ್ನುತ್ತಾರೆ. ಅಂದರೆ ಕಾಗದದ ಮೇಲೆ ನಾನು ಪಾಸು. ಆದರೆ ಮುಟ್ಟು ಜಾಸ್ತಿ, ಸದಾ ಸುಸ್ತು ಅಂತ ಹೇಳಿದ್ದಕ್ಕೆ ಡಾಕ್ಟರ್ ಫೆರಿಟಿನ್ ಪರೀಕ್ಷೆ ಸೇರಿಸಿದರು. ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಂಶ ಎಷ್ಟಿದೆ ಅಂತ ತಿಳಿಯುವುದು ಅದರಿಂದ. 15ಕ್ಕಿಂತ ಕೆಳಗಿದ್ದರೆ ಕೊರತೆ, ನನ್ನದು 9. ಇಷ್ಟು ದಿನದ ಸುಸ್ತಿಗೆ ಒಂದು ಕಾರಣ ಸಿಕ್ಕಿತು. ಅಷ್ಟು ಉದ್ದದ ಪಟ್ಟಿಯಲ್ಲಿ ನನಗೆ ಬೇಕಾಗಿದ್ದ ಇದೊಂದು ಟೆಸ್ಟೇ ಇರಲಿಲ್ಲ!

ಬಿಪಿ ನೋಡಿದ ರೀತಿಯೂ ಇಷ್ಟವಾಯಿತು. ನರ್ಸ್ 5 ನಿಮಿಷ ಸುಮ್ನೆ ಕೂರಿಸಿದರು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಮಾತು ಬೇಡ. ಹೀಗೆ ನೋಡದಿದ್ದರೆ ಅಂಕಿ ಸುಳ್ಳು ಹೇಳುತ್ತದೆ.

ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ, ಅಲ್ಲಿನ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯ ಬದಲು ಎಚ್‌ಪಿವಿ ಪರೀಕ್ಷೆ ಮಾಡಿದರು. ಈ ಕ್ಯಾನ್ಸರ್‌ಗೆ ಮೂಲ ಎಚ್‌ಪಿವಿ ವೈರಸ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಪರೀಕ್ಷೆಯನ್ನೇ ಮೊದಲ ಆಯ್ಕೆ ಮಾಡಿಕೊಳ್ಳಿ ಅಂದಿದೆ. ಸಾಮಾನ್ಯವಾಗಿ 30 ತುಂಬಿದ ಮೇಲೆ ಶುರು. ವೈರಸ್ ಇಲ್ಲದಿದ್ದರೆ 5ರಿಂದ 10 ವರ್ಷಕ್ಕೊಮ್ಮೆ ಸಾಕು. ನಾಚಿಕೆ ಆದರೆ ಪರದೆ ಹಿಂದೆ ಹೋಗಿ ನೀವೇ ಸ್ವಾಬ್‌ನಲ್ಲಿ ಸ್ಯಾಂಪಲ್ ತೆಗೆದುಕೊಳ್ಳಬಹುದು ಅಂದರು. ಮುಜುಗರಕ್ಕೇ ಈ ಪರೀಕ್ಷೆ ಮುಂದೂಡುವ ಅಕ್ಕತಂಗಿಯರಿಗೆ ಇದು ಗೊತ್ತಾಗಬೇಕು. ದಯವಿಟ್ಟು ಹೇಳಿ ಅವರಿಗೆ.

ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್‌ರೇಯಲ್ಲಿ ಒತ್ತಿದಾಗ ನೋವಾಗುತ್ತದೆ, ಆದರೆ ಕೆಲವೇ ಸೆಕೆಂಡು. ಮುಟ್ಟು ಮುಗಿದ ವಾರ ಮಾಡಿಸಿದರೆ ನೋವು ಕಡಿಮೆ. ಅವತ್ತು ಪೌಡರ್, ಡಿಯೋಡರೆಂಟ್ ಹಾಕಬಾರದು. ಅದರ ಕಣಗಳು ಚಿತ್ರದಲ್ಲಿ ಕ್ಯಾಲ್ಸಿಯಂ ಚುಕ್ಕೆಯಂತೆ ಕಾಣುತ್ತವಂತೆ.

ಈಗ ಬೇಸರದ್ದು. ಪ್ಯಾಕೇಜ್‌ನಲ್ಲಿ ಸಿಎ 125 ಅನ್ನುವ ರಕ್ತದ ಟೆಸ್ಟ್ ಸೇರಿಸಿದ್ದರು. ಅಂಡಾಶಯದ ಕ್ಯಾನ್ಸರ್ ಹೆಸರು ಹೇಳಿ ಮಾರುತ್ತಾರೆ. ಮುಟ್ಟಿನ ಸಮಯದಲ್ಲೂ, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ), ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಹೊರಗೂ ಬೆಳೆಯುವುದು) ಇದ್ದರೂ ಅದು ಏರಬಹುದು. ಲಕ್ಷಣವೂ ಇಲ್ಲದ, ಮನೆತನದಲ್ಲೂ ಆ ಕ್ಯಾನ್ಸರ್ ಇಲ್ಲದ ಹೆಂಗಸಿಗೆ ಇದರಿಂದ ಹೆದರಿಕೆಯೇ ಜಾಸ್ತಿ. ನಾನು ಬೇಡ ಅಂದೆ. ಡಾಕ್ಟರ್ ತಕ್ಷಣ ಒಪ್ಪಿದರು, ಕೌಂಟರ್‌ನವರು ಮಾತ್ರ ದುಡ್ಡು ಕಡಿಮೆ ಮಾಡಲಿಲ್ಲ.

ರಿಪೋರ್ಟ್ ಕಳಿಸಿದ್ದು ರಾತ್ರಿ, ಫೋನಿಗೆ. ಅಲ್ಲಲ್ಲಿ ಕೆಂಪು ಅಕ್ಷರ. ಡಾಕ್ಟರ್ ಸಿಗುವುದು ಆಮೇಲೆ ಯಾವಾಗಲೋ. ಒಬ್ಬಳೇ ಕೂತು ಅದನ್ನು ಓದುವವಳ ಸ್ಥಿತಿ ಏನಾಗಬೇಕು ಹೇಳಿ? ಕಳಿಸುವ ಮೊದಲು ಯಾರಾದರೂ ಫೋನ್ ಮಾಡಿ ವಿವರಿಸಿ ಅಂತ ಬರೆದು ಕೊಟ್ಟಿದ್ದೇನೆ.

ಮುಂದಿನ ಸಲ ಪ್ಯಾಕೇಜ್ ತೆಗೆದುಕೊಳ್ಳುವುದಿಲ್ಲ. ಅದೇ ಡಾಕ್ಟರ್ ಹತ್ತಿರ ಮೊದಲು ಮಾತಾಡಿ, ಅವರು ಬರೆದುಕೊಟ್ಟ ಟೆಸ್ಟ್‌ಗಳನ್ನಷ್ಟೇ ಮಾಡಿಸುತ್ತೇನೆ.